ಚಿಗರಿಗಳು ಗಂಡುಮಕ್ಕಳನ್ನು ಹಿಂಡಿನಿಂದ ಅಟ್ಟಿದ್ದು

ನೆಲದ ಮೇಲೆ ಹುಲ್ಲು ಆಗಷ್ಟೇ ಹುಟ್ಟಿದ್ದ ಕಾಲ. ಗಾಳಿಗೂ ಮಾತು ಬರುತ್ತಿತ್ತು.

ಆಗ ಬಯಲಿನಲ್ಲಿ ಸುರುಳಿ ಕೊಂಬಿನ ಜಿಂಕೆಗಳ, ಅಂದರೆ ಚಿಗರಿಗಳ, ಒಂದು ಹಿಂಡಿತ್ತು. ಅದರ ಗಂಡುಗಳ ಕೊಂಬಿಗೆ ನಾಲ್ಕು ಸುತ್ತು. ಬೇರೆ ಯಾವ ಹಿಂಡಿಗೂ ಮೂರರ ಮೇಲಿಲ್ಲ. ಆ ನಾಲ್ಕನೆಯ ಸುತ್ತು ಕೆಡಬಾರದೆಂದು ಹಿಂಡಿನ ಹಿರಿಯ ಸುರುಳೆಪ್ಪ ಹೊರಗಿನ ಗಂಡನ್ನು ಒಳಗೆ ಬಿಡುತ್ತಿರಲಿಲ್ಲ. ಅಣ್ಣತಂಗಿಯರೇ ಜೋಡಿಯಾಗುತ್ತಿದ್ದರು. ಅವರ ಮಕ್ಕಳೂ ಹಾಗೇ.

ಕೊಂಬು ಕೆಡಲಿಲ್ಲ. ಮರಿಗಳು ಕೆಟ್ಟವು.

ಸುರುಳೆಪ್ಪನ ಹೆಂಡತಿ ಬಂಗಾರವ್ವನ ಒಂದು ಮರಿ ಕುರುಡಾಗಿ ಹುಟ್ಟಿತು. ಇನ್ನೊಂದು ಏಳಲೇ ಇಲ್ಲ. ಎರಡನ್ನೂ ತೋಳ ಎತ್ತಿಕೊಂಡು ಹೋಯಿತು.

"ಬಂಗಾರವ್ವಾ, ನಿಮ್ಮ ಮನಿ ಕೊಂಬು ಭಾಳ ಚೆಂದ ಬಿಡವ್ವ," ಎಂದಿತು ತೋಳ, ಬಾಯಿ ನೆಕ್ಕುತ್ತಾ. "ನನಗಂತೂ ಓಡೋ ಕೆಲಸಾನ ತಪ್ಪೇತಿ."

ಅವಳಿಗೆ ಉಳಿದದ್ದು ಇಬ್ಬರೇ: ಮಗಳು ನೀಲಿ, ಮಗ ಕೆಂಚ. ಮುಂದಿನ ಮಳೆಗೆ ಅವರಿಬ್ಬರೂ ಜೋಡಿ ಎಂದು ಸುರುಳೆಪ್ಪ ಹೇಳಿಬಿಟ್ಟಿದ್ದ.

ಬಂಗಾರವ್ವ ಗಾಳಿಯನ್ನು ಕೇಳಿದಳು. "ಎಲ್ಲಾ ಹಿಂಡಿನ ವಾಸನೀನೂ ಹೊತ್ತು ತಿರಗತಿ. ನಮ್ಮ ಮರಿಗೋಳಿಗೆ ಏನಾಗೇತಿ, ಹೇಳಪಾ."

"ನಿಮ್ಮಲ್ಲಿ ಇರೋದು ಒಂದ ವಾಸನಿ," ಎಂದಿತು ಗಾಳಿ. "ಇದಕ್ಕ ಒಳತಳಿ ಅಂತಾರ. ಒಂದ ರಕ್ತದವರು ಕೂಡಿ ಕೂಡಿ ಮರಿ ಹಾಕೋದು. ಕೊಂಬಿನ ಸುತ್ತು ಹೆಂಗ ಗಟ್ಟಿಯಾಗಿ ಉಳೀತು, ಕಾಲಿನ ಕುಂದೂ ಹಂಗ ಉಳೀತವ್ವ."

ಬಂಗಾರವ್ವ ಸುರುಳೆಪ್ಪನ ಮುಂದೆ ನಿಂತಳು. "ಹೊರಗಿನವರನ್ನ ಅಟ್ಟೋ ಆ ಕೊಂಬು ಇನ್ನ ನಮ್ಮ ಮಗನ ಕಡೆ ತಿರುಗಲಿ."

"ಹುಚ್ಚು ಹಿಡಿದೈತೇನ ನಿನಗ? ಹೊರಗ ತೋಳ ಐತಿ."

"ಒಳಗೂ ಐತಿ. ನೀಲಿ ಮರಿ ಹಾಕೋದನ್ನ ಕಾಯಕತ್ತೇತಿ."

ಸುರುಳೆಪ್ಪ ನೀಲಿಯ ಕಡೆ ನೋಡಿದ. ಆಮೇಲೆ ತಲೆ ತಗ್ಗಿಸಿ ಕೆಂಚನ ಮೇಲೆ ನುಗ್ಗಿದ.

ಕೆಂಚ ತಾಯಿಯ ಬೆನ್ನ ಹಿಂದೆ ಓಡಿ ಬಂದ. "ಯವ್ವಾ, ನಾ ಏನು ತಪ್ಪು ಮಾಡೀನಿ?"

"ಏನೂ ಮಾಡಿಲ್ಲ ಮಗನ." ಅವಳು ಪಕ್ಕಕ್ಕೆ ಸರಿದು ನಿಂತಳು.

ಕೆಂಚ ಹಿಂಡು ಬಿಟ್ಟು ಹೋಗುತ್ತಾ ಮೂರು ಸಲ ತಿರುಗಿ ನೋಡಿದ. ಆಮೇಲೆ ನೋಡಲಿಲ್ಲ. ಅವನು ಇನ್ನೊಂದು ಹಿಂಡು ಸೇರಿದನೋ, ತೋಳದ ಪಾಲಾದನೋ, ಗಾಳಿ ಹೇಳಲಿಲ್ಲ. ಬಂಗಾರವ್ವ ಕೇಳಲೂ ಇಲ್ಲ.

ಮಳೆಗಾಲಕ್ಕೆ ದಿಬ್ಬದಾಚೆಯಿಂದ ಕಿವಿ ಹರಿದ ಗಂಡೊಂದು ಬಂತು. ಅದರ ಕೊಂಬಿಗೆ ಮೂರೇ ಸುತ್ತು. ಸುರುಳೆಪ್ಪ ದಾರಿ ಬಿಟ್ಟ.

ನೀಲಿಯ ಮರಿ ಹುಟ್ಟಿದ ಹೊತ್ತಿಗೇ ಎದ್ದು ನಿಂತಿತು. ತೋಳ ಅಂದು ಹಸಿದೇ ಮಲಗಿತು. ಬಂಗಾರವ್ವ ಮರಿಯನ್ನು ನೆಕ್ಕಿದಳು. ಗಂಡುಮರಿ ಎಂದು ತಿಳಿದಾಗ ಅವಳ ನಾಲಿಗೆ ಒಂದು ಗಳಿಗೆ ನಿಂತಿತು.

ಇವತ್ತಿಗೂ ಬಯಲಿನಲ್ಲಿ ಹಿರಿಯ ಚಿಗರಿ ಎಳೆಯ ಗಂಡನ್ನು ಅಟ್ಟುತ್ತದೆ, ತಾಯಿ ಸುಮ್ಮನೆ ಮೇಯುತ್ತಾ ನಿಲ್ಲುತ್ತದೆ; ದೂರದಲ್ಲಿ ಬರೀ ಗಂಡುಗಳ ಗುಂಪೊಂದು ನಿಂತಿರುವುದು ಕಂಡರೆ, ಅವೆಲ್ಲ ಹಾಗೆ ಮನೆ ಬಿಟ್ಟ ಮಕ್ಕಳೇ.