ಕೆಂಡಗಂಡಿ ಗಡ್ಡೆ

ತೊಗರಿಮಟ್ಟಿಯ ದಡದಲ್ಲಿ ನಿಂತು ನೋಡಿದರೆ ಕೃಷ್ಣೆಯ ನಟ್ಟನಡುವೆ, ಬಂಡೆಗಳನ್ನೂ ಜಾಲಿಯ ಪೊದೆಗಳನ್ನೂ ಹೊತ್ತುಕೊಂಡ ಗಡ್ಡೆಯೊಂದು ಕಾಣುತ್ತದೆ. ಅದೇ ಕೆಂಡಗಂಡಿ. ಅಲ್ಲಿಗೆ ಸೇತುವೆಯಿಲ್ಲ. ಆಗುತ್ತದೆ ಎಂಬ ಮಾತೊಂದು ಪ್ರತಿ ಚುನಾವಣೆಗೂ ಬರುತ್ತದೆ, ಹೊಳೆಯನ್ನು ನೋಡುತ್ತದೆ, ಹಿಂದಿರುಗಿ ಹೋಗುತ್ತದೆ. ಹೋಗಬೇಕೆನ್ನುವವರು ಅಂಬಿಗರ ಯಂಕೋಬನ ಹರಿಗೋಲನ್ನೇ ಹತ್ತಬೇಕು. ಅದು ಗರಗರನೆ ಸುತ್ತಿ ಆಚೆಗೆ ಮುಟ್ಟಿಸುವ ತನಕ ಅವನ ಮಾತಿಗೂ ಕಿವಿಗೊಡಬೇಕು. ಗಡ್ಡೆಯ ನೆತ್ತಿಯ ಮೇಲೆ ಒಂದು ಊರಿದೆ. ಊರೆಂದರೆ ಜನವಿಲ್ಲದ ಊರು, ಮರ ಮಣ್ಣು ಸುಣ್ಣ ಯಾವುದೂ ಇಲ್ಲದ ಊರು. ಚಪ್ಪಡಿಗಳನ್ನೇ ನಿಲ್ಲಿಸಿ ಗೋಡೆ ಮಾಡಿದ್ದಾರೆ, ಮೇಲೊಂದು ಚಪ್ಪಡಿ ಹೊದಿಸಿ ಮಾಡು ಮಾಡಿದ್ದಾರೆ. ಓಣಿಯಂತೆ ಸಾಲಾಗಿ ನಿಂತಿರುವ ಈ ಮನೆಗಳು ನಮ್ಮ ಎದೆಯ ಎತ್ತರವನ್ನೂ ಮುಟ್ಟುವುದಿಲ್ಲ. ಸುತ್ತ ತಂತಿಬೇಲಿಯಿದೆ, ಕಲ್ಲಿನ ಮೇಲೆ ಹೆಸರು ಕೆತ್ತಬಾರದೆಂಬ ಫಲಕವಿದೆ, ಆ ಫಲಕದ ಮೇಲೆಯೇ ಯಾರೋ ಇಬ್ಬರು ಪ್ರೇಮಿಗಳ ಹೆಸರಿದೆ. ಬಲ್ಲವರು ಬಂದು ಇವು ಮನೆಗಳಲ್ಲ, ಇತಿಹಾಸಕ್ಕೂ ಹಿಂದಿನವರ ಸಮಾಧಿಗಳು ಎಂದು ಹೇಳಿ ಹೋಗಿದ್ದಾರೆ. ತೊಗರಿಮಟ್ಟಿಯವರು ಅದನ್ನು ಅಲ್ಲಗಳೆಯುವುದಿಲ್ಲ. ಒಲೆ ಉರಿಯುವವರೆಗೆ ಮನೆ, ಆರಿದ ಮೇಲೆ ಸಮಾಧಿ, ಅದರಲ್ಲೇನು ಜಗಳ ಎನ್ನುತ್ತಾರೆ. ಎಲ್ಲ ಮನೆಗಳ ಬಾಗಿಲೂ ಸೂರ್ಯ ಹುಟ್ಟುವ ಕಡೆಗಿದೆ. ಆದರೆ ತೆಂಕಣ ಗೋಡೆಯಲ್ಲಿ, ನಮ್ಮ ದಡಕ್ಕೆ ಮುಖ ಮಾಡಿ, ಒಂದು ಕೈ ತೂರುವಷ್ಟು ದುಂಡನೆಯ ಗಂಡಿ, ಅಂದರೆ ಕಿಂಡಿ, ಇದೆ. ಗಡ್ಡೆಗೆ ಹೆಸರು ಬಂದದ್ದು ಆ ಗಂಡಿಯಿಂದ.

ಹಿಂದೆ ಒಮ್ಮೆ, ಕಬ್ಬಿಣ ಇನ್ನೂ ನೆಲದೊಳಗೇ ಮಲಗಿದ್ದ ಕಾಲದಲ್ಲಿ, ಈ ಗಡ್ಡೆಯ ಮೇಲೆ ಕಲ್ಲುಮನೆಯವರು ಎಂಬ ಗಿಡ್ಡ ಜನ ಬಾಳುತ್ತಿದ್ದರಂತೆ. ಉಳಿಯಿಲ್ಲ, ಸುತ್ತಿಗೆಯಿಲ್ಲ. ಬಂಡೆಯ ಮೇಲೆ ಗೆರೆ ಹಿಡಿದಂತೆ ಜಾಲಿಯ ಕಟ್ಟಿಗೆಯನ್ನು ಒಟ್ಟಿ ಉರಿಸುತ್ತಿದ್ದರು. ಕಲ್ಲು ಕಾದು ಕೆಂಪಗಾದಾಗ ಹೊಳೆಯ ತಣ್ಣೀರು ಸುರಿಯುತ್ತಿದ್ದರು. ಬಂಡೆ ಚಟ್ಟೆಂದು ಗೆರೆಯುದ್ದಕ್ಕೂ ಸೀಳಿ ಚಪ್ಪಡಿ ಏಳುತ್ತಿತ್ತು. ಮನೆ ನಿಂತ ಮೇಲೆ, ಆ ಚಪ್ಪಡಿಯನ್ನು ಎಬ್ಬಿಸಿದ ಬೆಂಕಿಯಿಂದಲೇ ಕೆಂಡ ತಂದು ಒಲೆ ಹೂಡುವುದು ಅವರ ಪದ್ಧತಿ. ಬೆಂಕಿಯಿಂದ ಹುಟ್ಟಿದ ಮನೆ ಬೆಂಕಿಯಿಂದಲೇ ಬದುಕಬೇಕು, ಒಲೆ ಆರಬಾರದು. ಆರಿದರೆ ಆ ಮನೆಯ ಬೆಂಕಿಯೇ ಬೇಕು, ಪಕ್ಕದ ಮನೆಯ ಕೆಂಡ ಸಲ್ಲದು. ಆರಿದ ಒಲೆ ಅಮಾವಾಸ್ಯೆಯೊಳಗೆ ಹೊತ್ತದಿದ್ದರೆ ಅದು ಸತ್ತವರ ಮನೆಯೆಂದು ಬಾಗಿಲಿಗೆ ಚಪ್ಪಡಿ ಮುಚ್ಚಿಬಿಡುತ್ತಿದ್ದರು.

ಹೆಣ್ಣು ಕೊಡುವುದರಲ್ಲಿಯೂ ಅವರದು ಬೆಂಕಿಯದೇ ಕಟ್ಟಳೆ. ಗಡ್ಡೆಯವರೆಲ್ಲ ಒಂದೇ ಬಳ್ಳಿಯವರಾದ್ದರಿಂದ ಹೆಣ್ಣುಮಕ್ಕಳನ್ನು ಹೊಳೆಯಾಚೆಗೇ ಕೊಡಬೇಕಿತ್ತು. ಮದುವಣಗಿತ್ತಿ ತಾಯಿಯ ಒಲೆಯ ಕೆಂಡವನ್ನು ಗಡಿಗೆಯಲ್ಲಿ ತುಂಬಿಕೊಂಡು ಹರಿಗೋಲು ಹತ್ತುತ್ತಿದ್ದಳು. ಆ ಬೆಂಕಿ ಗಂಡನ ಮನೆಯಲ್ಲಿ ಉರಿಯುವವರೆಗೆ ಅವಳು ತವರಿನ ಕಡೆ ಹೆಜ್ಜೆಯಿಡುವಂತಿಲ್ಲ. ತಾಯಿಯೂ ಮಗಳ ಮನೆಗೆ ಹೋಗುವಂತಿಲ್ಲ. ಬೆಂಕಿ ಆರಿತೋ, ಬರಿಗಡಿಗೆ ಹಿಡಿದು ತವರಿಗೆ ಬರಬೇಕು, ನಾಲ್ಕು ದಿನ ಇದ್ದು ಹೊಸ ಕೆಂಡ ಒಯ್ಯಬೇಕು. ಕಟ್ಟಳೆ ಮಾಡಿದವರು ಗಂಡಸರಿರಬೇಕು. ಅದರಲ್ಲಿ ದಾರಿ ಕಂಡುಕೊಂಡವರು ಹೆಂಗಸರು. ಮದುವೆಯಾದ ವರ್ಷ ತುಂಬುವುದರೊಳಗೆ ಹೊಸ ಸೊಸೆಯರ ಒಲೆಗಳೆಲ್ಲ ಅದು ಹೇಗೋ ಆರುತ್ತಿದ್ದವು. ಒಬ್ಬಳದು ಗಾಳಿಗೆ ಆರಿತು, ಒಬ್ಬಳದು ಸೋರಿ ಆರಿತು, ಒಬ್ಬಳದನ್ನು ಬೆಕ್ಕು ಕೆದರಿತು. ಅತ್ತೆಯರು ಬೈಯುತ್ತಿದ್ದರು. ತಾಯಂದಿರೂ, "ಒಂದ್ ಒಲಿ ಕಾಯಾಕ ಬರಂಗಿಲ್ಲೇನ ನಿನಗ!" ಎಂದು ಊರಿಗೆ ಕೇಳುವಂತೆ ಬೈದು, ಒಳಗೆ ಕರೆದು ತಲೆಗೆ ಎಣ್ಣೆ ಹಚ್ಚುತ್ತಿದ್ದರು. ಹಿರಿಯರಿಗೆ ಇದೆಲ್ಲ ತಿಳಿಯದ್ದೇನಲ್ಲ. ಅವರೂ ಹೆಣ್ಣು ಹೆತ್ತವರೇ.

ಈ ಊರಿನಲ್ಲಿ ಮಾಳವ್ವ ಎಂಬ ಹೆಂಗಸಿದ್ದಳು. ಗಂಡ ಬಂಡೆ ಸೀಳುವಾಗ ತೀರಿಕೊಂಡಿದ್ದ. ಇದ್ದವಳು ಒಬ್ಬಳೇ ಮಗಳು, ಕೆಂಚಿ. ಆ ಹುಡುಗಿ ಅಪ್ಪನ ಬೆನ್ನಿಗೆ ಬಿದ್ದು ಬಂಡೆ ಕಾಯಿಸುವುದನ್ನೂ ಕಲಿತಿದ್ದಳು, ತಾಯಿಯ ಮಗ್ಗುಲಲ್ಲಿ ಕೂತು ಕೆಂಡದ ಮೇಲೆ ಬೂದಿ ಹೊದಿಸುವುದನ್ನೂ ಕಲಿತಿದ್ದಳು. ಮಾಳವ್ವನ ಒಲೆಯೆಂದರೆ ಊರಿಗೇ ಮಾದರಿ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು, ಗೊತ್ತಿದ್ದುದೇ ಕೇಡಾಯಿತು. ಕೆಂಚಿಯನ್ನು ಕಳಿಸುವ ದಿನ ಎಲ್ಲ ತಾಯಂದಿರೂ ದಡದಲ್ಲಿ ಅಳುವಂತೆ ಅಳುವುದು ಬಿಟ್ಟು, ಬೀಗರೆದುರು ಗತ್ತಿನಿಂದ ನಿಂತು, "ನನ್ನ ಮಗಳ ಒಲಿ ಆರಂಗಿಲ್ರಿ. ಬರೇ ಗಡಿಗಿ ಹಿಡಕೊಂಡು ತವರಿಗೆ ಬರೂ ಮಗಳನ್ನ ನಾ ಹಡದಿಲ್ಲ" ಎಂದುಬಿಟ್ಟಳು. ಕೆಂಚಿ ತಾಯಿಯ ಮುಖವನ್ನೊಮ್ಮೆ ನೋಡಿದಳು. ಗಡಿಗೆಯನ್ನು ಮಡಿಲಿಗೆ ಒತ್ತಿಕೊಂಡು ಹರಿಗೋಲಿನಲ್ಲಿ ಕೂತಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕೆಂಚಿ ತಾಯಿಯ ಮಾತನ್ನು ಅಪ್ಪಣೆಯೆಂದೇ ಇಟ್ಟುಕೊಂಡಳು. ವರ್ಷ ಕಳೆಯಿತು, ಇನ್ನೊಂದು ಕಳೆಯಿತು. ಓರಗೆಯ ಹುಡುಗಿಯರೆಲ್ಲ ಬರಿಗಡಿಗೆ ಹಿಡಿದು ಬಂದರು, ಬೈಸಿಕೊಂಡರು, ನಗುತ್ತ ಹೋದರು. ಕೆಂಚಿ ಬರಲಿಲ್ಲ. ಆಚೆ ದಡದ ದೊಡ್ಡ ಹುಣಸೆಯ ಪಕ್ಕದಲ್ಲಿ ಅವಳ ಮನೆಯ ಹೊಗೆ ದಿನವೂ ತಪ್ಪದೆ ಏಳುತ್ತಿತ್ತು. ಮೊದಮೊದಲು ಮಾಳವ್ವ ಅದನ್ನು ನೆರೆಹೊರೆಯವರಿಗೆ ತೋರಿಸಿ ಬೀಗಿದಳು. ಆಮೇಲೆ ತೋರಿಸುವುದನ್ನು ಬಿಟ್ಟಳು, ನೋಡುವುದನ್ನು ಬಿಡಲಾಗಲಿಲ್ಲ. ಕೆಂಚಿಗೆ ಹೆಣ್ಣುಕೂಸಾಯಿತೆಂದು ಅಂಬಿಗರ ಬಾಯಿಂದ ಕೇಳಿದಳು. ಕೂಸು ನಡೆಯಿತೆಂದು ಕೇಳಿದಳು. ಬಾ ಎಂದು ಹೇಳಿಕಳಿಸಬಹುದಿತ್ತಲ್ಲ ಎಂದರೆ, ಬಾ ಎಂದರೆ ಒಲೆ ಆರಿಸು ಎಂದಂತೆ. ಹೆತ್ತವಳು ಮಗಳ ಮನೆಗೆ ಆಡುವ ಮಾತೇ ಅದು? ಒಂದು ಮುಂಗಾರಿನಲ್ಲಿ ಆ ದಡದ ಮೇಲೆ ಮೋಡ ಕವಿದಾಗ, ಕೆಂಚಿಯ ಮಾಡು ಸೋರಬಾರದೇ ಎಂದು ಮಾಳವ್ವನ ಮನಸ್ಸು ತನಗರಿಯದೆ ಬೇಡಿಕೊಂಡಿತು. ಬೇಡಿದ ಕ್ಷಣವೇ ಎರಡೂ ಕೆನ್ನೆ ಬಡಿದುಕೊಂಡಳು. ಆ ದಿನವೆಲ್ಲ ಅವಳಿಗೆ ಅನ್ನ ಸೇರಲಿಲ್ಲ.

ಅವಳಿಗೆ ವಯಸ್ಸಾಯಿತು. ಎದೆಯಲ್ಲಿ ಕೆಮ್ಮು ಕೂತಿತು. ಇನ್ನೊಂದು ಮಳೆಗಾಲ ಕಾಣುತ್ತೇನೋ ಇಲ್ಲವೋ, ಅಷ್ಟರೊಳಗೆ ಮಗಳ ಮುಖ ಒಮ್ಮೆ ನೋಡಬೇಕು ಎಂಬುದೊಂದೇ ಅವಳಲ್ಲಿ ಉಳಿಯಿತು. ಮಗಳ ಒಲೆ ಆರಲೆಂದು ಬಯಸುವಂತಿಲ್ಲ. ತನ್ನ ಒಲೆ ತನ್ನದೇ ಅಲ್ಲವೇ? ಒಂದು ಬೆಳಗ್ಗೆ ಕುಡಿಯುವ ನೀರಿನ ಗಡಿಗೆಯನ್ನು ಎತ್ತಿ, ಗಂಡ ಹೂಡಿದ್ದ ಒಲೆಯ ಮೇಲೆ ಸುರಿದಳು. ಬೆಂಕಿ ಚುಂಯ್ ಎಂದು ಕೂಗಿತು. ಮಾಳವ್ವ ಬೂದಿಯ ಮುಂದೆ ಕೂತು, ಯಾವ ನಂಟರು ಸತ್ತಾಗಲೂ ಅಳದಷ್ಟು ಅತ್ತಳು. ನಾನು ಅವಳ ಹೊಗೆ ನೋಡುವಂತೆ ಅವಳು ನನ್ನ ಹೊಗೆಯನ್ನು ನೋಡುತ್ತಾಳೋ ಇಲ್ಲವೋ? ಅದೊಂದು ಅವಳಿಗೆ ತಿಳಿದಿರಲಿಲ್ಲ.

ಊರು ನೆರೆಯಿತು. ಹಿರಿಯ ಬೊಮ್ಮಣ್ಣ ಬಾಗಿಲಲ್ಲಿ ಬಗ್ಗಿ ನೋಡಿ, "ಏನಾತಬೇ ಮಾಳವ್ವ? ಹೆಂಗ ಆರಿತು?" ಎಂದ.

"ಆರಲಿಲ್ಲ. ಆರಿಸೀನಿ."

ಮುದುಕಿಗೆ ಬುದ್ಧಿ ಕೆಟ್ಟಿತೆಂದರು ಕೆಲವರು. ಪಕ್ಕದ ಮನೆಯವಳು ಕಟ್ಟಳೆಯನ್ನು ಗಾಳಿಗೆ ತೂರಿ ಒಡೆದ ಗಡಿಗೆಯ ಬೋಕಿಯಲ್ಲಿ ಕೆಂಡ ತಂದಳು. ಮಾಳವ್ವ ಒಲ್ಲೆನೆಂದಳು. "ನನ್ನ ಬೆಂಕಿ ಆ ದಂಡ್ಯಾಗೈತಿ, ಮಗಳ ಒಲ್ಯಾಗ. ಬಂದ್ರ ಅದ ಬರಬೇಕು." ಬೊಮ್ಮಣ್ಣ ತಲೆ ಕೊಡವಿದ. "ಕೊಟ್ಟ ಹೆಣ್ಣು ಕುಲಕ್ಕ ಹೊರಗಂತಾರ. ಕೊಟ್ಟ ಬೆಂಕಿನೂ ಹಂಗ. ಅದು ತಿರುಗಿ ಬಂದದ್ದು ಯಾರೂ ಕಂಡಿಲ್ಲ. ಅಮಾಸಿ ದಿನ ಬಾಗಲಾ ಮುಚ್ಚಬೇಕಾಗತೈತಿ, ಹೊರಗ ಬಾ." ಅವಳು ಹೊರಗೆ ಬರಲಿಲ್ಲ. ನೆನೆಸಿದ ನವಣೆ ತಿಂದು ತಣ್ಣನೆಯ ಕಲ್ಲಿಗೆ ಬೆನ್ನು ಕೊಟ್ಟು ಕೂತಳು. ಮರುದಿನವೇ ಹೊಳೆಗೆ ಹೊಸ ನೀರು ಬಂತು. ಕೆಂಪು ನೀರು ಮರಗಳನ್ನು ಉರುಳಿಸಿಕೊಂಡು ಎರಡೂ ದಡದ ನಡುವೆ ಬೊಬ್ಬೆ ಹೊಡೆಯಿತು. ಹರಿಗೋಲುಗಳು ಬೋರಲಾಗಿ ಮಲಗಿದವು. ಮಾಳವ್ವನ ನಂಬಿಕೆಯೂ ದಿನದಿನಕ್ಕೆ ಬೋರಲಾಯಿತು.

ಆದರೆ ಕೆಂಚಿ ನೋಡುತ್ತಿದ್ದಳು. ಗಂಡನ ಮನೆಗೆ ಬಂದ ದಿನದಿಂದ, ಎದ್ದ ಕೂಡಲೇ ದಡಕ್ಕೆ ಬಂದು ಗಡ್ಡೆಯ ತುದಿಯ ಮನೆಯಿಂದ ಹೊಗೆ ಎದ್ದದ್ದು ಕಂಡ ಮೇಲೆಯೇ, ಅವ್ವ ಎದ್ದಳು ಎಂದುಕೊಂಡು ತನ್ನ ಒಲೆಯ ಬೂದಿ ಕೆದಕುತ್ತಿದ್ದಳು. ಹೊಸ ನೀರು ಬಂದ ಆ ಬೆಳಗ್ಗೆ ಹೊಗೆ ಏಳಲಿಲ್ಲ. ಸತ್ತಿದ್ದರೆ ಊರವರೆಲ್ಲ ಬಂಡೆಯ ಮೇಲೆ ಸೂತಕದ ಬೆಂಕಿ ಹಾಕುತ್ತಿದ್ದರು, ಅದೂ ಇಲ್ಲ. ಅಂದರೆ ಅವ್ವ ಇದ್ದಾಳೆ, ಒಲೆ ಸತ್ತಿದೆ. ಹೊಳೆ ಇಳಿಯುವ ತನಕ ಅವಳು ದಡ ಬಿಟ್ಟು ಕದಲಲಿಲ್ಲವಂತೆ. ಅಮಾವಾಸ್ಯೆಯ ದಿನ ನೀರು ತುಸು ತಗ್ಗಿತು. "ಹೊಳಿ ಇನ್ನೂ ಸಿಟ್ಟಿನ್ಯಾಗೈತಿ, ಹೋಗಬ್ಯಾಡ" ಎಂದಳು ಅತ್ತೆ. ಗಂಡ ಹರಿಗೋಲನ್ನು ಎತ್ತಿ ನೀರಿಗಿಟ್ಟು ಹುಟ್ಟು ಹಿಡಿದ. ಕೆಂಚಿ ತನ್ನ ಒಲೆಯ ಕೆಂಡವನ್ನೆಲ್ಲ ತುಂಬಿದ ಗಡಿಗೆಯನ್ನು ಮಡಿಲಿಗೆ ಒತ್ತಿಕೊಂಡು, ಬಂದ ದಿನ ಕೂತಂತೆಯೇ ಕೂತಳು.

ಅವಳು ಗಡ್ಡೆ ಹತ್ತುವ ಹೊತ್ತಿಗೆ ಗಂಡಸರು ಬಾಗಿಲಿಗೆ ಚಪ್ಪಡಿ ಉರುಳಿಸಿ ತಂದಿದ್ದರು. ಬೊಮ್ಮಣ್ಣ ಕಣ್ಣೊರೆಸಿಕೊಳ್ಳುತ್ತಲೇ ಅವಳಿಗೆ ಅಡ್ಡ ನಿಂತ. "ತುಂಬಿದ ಗಡಿಗಿ ಹಿಡಿದು ಮಗಳು ತವರಿನ ಬಾಗಲಾ ದಾಟಂಗಿಲ್ಲ, ಕೆಂಚವ್ವ. ನಿಮ್ಮಪ್ಪ ಇದ್ದಿದ್ರೂ ಇದನ್ನ ಅಂತಿದ್ದ."

"ಬಾಗಲದಾಗ ಬರಂಗಿಲ್ಲ, ಹೌದಿಲ್ಲೋ ಕಾಕಾ?" ಎಂದಳು ಕೆಂಚಿ. "ಬ್ಯಾಡ ಬಿಡು." ಮನೆಯನ್ನು ಸುತ್ತಿಕೊಂಡು ತೆಂಕಣ ಗೋಡೆಗೆ ಹೋದಳು. ಗೋಡೆಗೆ ಒತ್ತಿ ಒಣಜಾಲಿ ಒಟ್ಟಿ, ಅರ್ಧ ಕೆಂಡವನ್ನು ಅದರೊಳಗೆ ಸುರಿದು, ಕಣ್ಣಲ್ಲಿ ನೀರು ಬರುವ ತನಕ ಊದಿದಳು. ಚಪ್ಪಡಿ ಕಾಯಿತು, ಕೆಂಪಾಯಿತು. ಗಂಡ ಹೊಳೆಯ ನೀರು ತಂದುಕೊಟ್ಟ. ಅಪ್ಪ ಎರಚುತ್ತಿದ್ದಂತೆ ಎರಚಿದಳು. ಕಲ್ಲು ಚಟ್ಟೆಂದಿತು; ಮತ್ತೆ ಕಾಯಿಸಿ ಮತ್ತೆ ಎರಚಿದಾಗ ಅಂಗೈಯಗಲದ ಚಕ್ಕೆಯೊಂದು ಒಳಗೆ ಕಳಚಿ ಬಿತ್ತು. ತಡೆಯುವಂತಿದ್ದರೂ ಯಾರೂ ತಡೆಯಲಿಲ್ಲ. ಉಳಿದ ಕೆಂಡವನ್ನು ಬೋಕಿಯಲ್ಲಿಟ್ಟು ಕೆಂಚಿ ಆ ಗಂಡಿಯೊಳಗೆ ಕೈ ತೂರಿದಳು.

ಒಳಗೆ ಕತ್ತಲಲ್ಲಿ ಒಂದು ಕೈ ಅವಳ ಕೈಯನ್ನು ಹಿಡಿಯಿತು. ಬೋಕಿಯನ್ನಲ್ಲ, ಮುಂಗೈಯನ್ನು. ಬಳೆಯ ಮೇಲೆ, ಮೊಳಕೈಯವರೆಗೂ ತಡವಿತು. ಮತ್ತೆ ಮುಂಗೈಗೆ ಬಂದು ಬಿಗಿಯಾಗಿ ಹಿಡಿಯಿತು.

"ಯವ್ವಾ, ಮೊದಲ ಕೆಂಡ ತಗೋ. ಆರತೈತಿ."

"ಆರಲಿ ಬಿಡವ್ವಾ," ಎಂದಳು ಮಾಳವ್ವ. "ನೀ ಬಂದೆಲ್ಲ."

ಕೆಂಡ ಆರಲಿಲ್ಲ. ಆ ಸಂಜೆ ಮಾಳವ್ವನ ಮನೆಯ ಹೊಗೆ ಬಾಗಿಲಿನಿಂದ ಬರುವ ಮೊದಲು ಹೊಸ ಗಂಡಿಯಿಂದ ಬಂತು, ಆಚೆ ದಡದಲ್ಲಿ ನಿಂತಿದ್ದ ಅತ್ತೆ ಅದನ್ನು ಕಂಡು ಮೊಮ್ಮಗಳನ್ನು ಎತ್ತಿ ತೋರಿಸಿದಳು ಎನ್ನುತ್ತಾರೆ. ಕೆಂಚಿಯ ಗಡಿಗೆ ಬರಿದಾಗಿತ್ತಾದ್ದರಿಂದ ಅವಳು ಕಟ್ಟಳೆಯಂತೆಯೇ ಬಾಗಿಲಿನಿಂದ ಒಳಗೆ ಹೋದಳು. ಬೊಮ್ಮಣ್ಣನೇ ಚಪ್ಪಡಿಯನ್ನು ಅತ್ತ ಸರಿಸಿದ. ಆ ವರ್ಷದಿಂದ, ಹೆಣ್ಣು ಕೊಟ್ಟ ಪ್ರತಿಯೊಂದು ಮನೆಯವರೂ ಮಗಳಿರುವ ದಡದ ಕಡೆಗೆ ಒಂದು ಗಂಡಿ ತೆಗೆಯತೊಡಗಿದರು. ಕಟ್ಟಳೆಯನ್ನು ಯಾರೂ ಮುರಿದರೆನ್ನುವಂತಿಲ್ಲ. ಅದರಲ್ಲೊಂದು ತೂತು ಮಾಡಿದರು, ಅಷ್ಟೇ. ಮಾಳವ್ವ ಇನ್ನೂ ಕೆಲವು ಮಳೆಗಾಲ ಕಂಡಳಂತೆ.

ಕಲ್ಲುಮನೆಯವರು ಯಾವಾಗ ಹೋದರೋ, ಎಲ್ಲಿಗೆ ಹೋದರೋ, ಹೇಳಬಲ್ಲವರಿಲ್ಲ. ತಾವು ಕೆಂಚಿಯ ಬಳ್ಳಿಯವರೆಂದು ತೊಗರಿಮಟ್ಟಿಯ ಪ್ರತಿ ಮನೆಯವರೂ ಹೇಳಿಕೊಳ್ಳುತ್ತಾರೆ. ಗಡ್ಡೆಯ ಮೇಲಿನ ಗಂಡಿಗಳೆಲ್ಲ ಉಜ್ಜಿ ದುಂಡಗೆ ಮಾಡಿದಂಥವು. ತುದಿಯ ಮನೆಯದು ಮಾತ್ರ ಅಂಕುಡೊಂಕು, ಕಲ್ಲು ಅಲ್ಲಿ ಈಗಲೂ ಕಪ್ಪು. ಆದರೆ ಅದರ ಕೆಳಗಿನ ಅಂಚು ಬೇರೆ ಯಾವ ಗಂಡಿಗಿಂತಲೂ ನುಣ್ಣಗಿದೆ. ಬಂದ ಹೆಂಗಸರು ಅಲ್ಲಿ ನಿಲ್ಲದೆ ಹೋಗುವುದಿಲ್ಲ. ತಾಯಿಯೊಡನೆ ಬಂದವರು ಅವಳನ್ನು ಒಳಗೆ ಕೂರಿಸಿ, ಹೊರಗಿನಿಂದ ಕೈ ತೂರಿ, ಹಿಡಿಸಿಕೊಂಡು ನಗುತ್ತಾರೆ. ಒಬ್ಬರೇ ಬಂದವರೂ ಕೈ ಹಾಕುತ್ತಾರೆ. ಒಳಗೆ ಯಾರೂ ಇಲ್ಲವೆಂದು ಗೊತ್ತಿದ್ದೂ ಕೈಯನ್ನು ಬೇಗ ಹಿಂದಕ್ಕೆ ತೆಗೆಯುವುದಿಲ್ಲ. ಹೊತ್ತಾಯಿತೆಂದು ಎಲ್ಲರನ್ನೂ ಗದರುವ ಯಂಕೋಬ ಆಗ ಮಾತ್ರ ಹರಿಗೋಲಿಗೆ ಒರಗಿ, ಹೊಳೆಯ ಕಡೆ ಮುಖ ತಿರುಗಿಸಿಕೊಂಡು, "ಅವಸರ ಇಲ್ರಿ ಅಕ್ಕಾರ, ಸಾವಕಾಶ ಬರ್ರಿ" ಎನ್ನುತ್ತಾನೆ.