ಧ್ರುವನ ಪಕ್ಕದ ಖಾಲಿ ಜಾಗ

ಮಲಪ್ರಭೆಯ ದಂಡೆಯ ಆಶ್ರಮದಲ್ಲಿ ಸೋಮಯ್ಯಜ್ಜ ಎಂಬ ಗುರುಗಳಿದ್ದರು. ಶಿಷ್ಯ ಫಕೀರೇಶನಿಗೆ ಅವರು ಹೇಳಿದ್ದೇ ವೇದವಾಕ್ಯ. ಅಜ್ಜ ಕೆಮ್ಮಿದರೆ ಇವನೂ ಒಮ್ಮೆ ಕೆಮ್ಮುತ್ತಿದ್ದ.

ಆಕಾಶದ ಚುಕ್ಕಿಗಳನ್ನೆಲ್ಲ ಅವನಿಗೆ ಬೆರಳು ಮಾಡಿ ತೋರಿಸಿದವರು ಅಜ್ಜ. ಈಗ ಅವರ ಕಣ್ಣಿಗೇ ಪೊರೆ ಬಂದಿತ್ತು. ಅವರು ಅಷ್ಟು ಇಷ್ಟಪಡುತ್ತಿದ್ದ ಕೃತ್ತಿಕೆ, ಆ ಆರು ಚುಕ್ಕಿಗಳ ಗೊಂಚಲು, ಕಾಣದಾಗಿತ್ತು. ಫಕೀರೇಶನಿಗೆ ಅದೇ ಸಂಕಟ.

ಫೋಟೋ ತೆಗೆದು, ದೊಡ್ಡದು ಮಾಡಿ, ಅಜ್ಜನಿಗೆ ಮತ್ತೆ ಕೃತ್ತಿಕೆ ತೋರಿಸಬೇಕೆಂದು ಅವನು ಹಟ ತೊಟ್ಟ. ಕ್ಯಾಮೆರಾ ತಂದ. ಜೊತೆಗೊಂದು ಸ್ಟಾರ್ ಟ್ರ್ಯಾಕರ್ ತಂದ. ಚುಕ್ಕಿಗಳು ಸರಿದ ಹಾಗೆ ಕ್ಯಾಮೆರಾವನ್ನೂ ಮೆಲ್ಲಗೆ ತಿರುಗಿಸುವ ಅಂಗೈಯಗಲದ ಯಂತ್ರ ಅದು. ಅದು ತಿರುಗುವ ಅಚ್ಚು ಧ್ರುವನ ಕಡೆಗಿರಬೇಕು. ಫಕೀರೇಶ ಯಂತ್ರದ ಗುರಿಕೊಳವೆಯಲ್ಲಿ ಧ್ರುವನನ್ನು ಕೂದಲೆಳೆಯಷ್ಟೂ ತಪ್ಪದೆ ನಟ್ಟನಡುವೆ ಹಿಡಿದ.

ಆದರೂ ಕೃತ್ತಿಕೆಯ ಚುಕ್ಕಿಗಳು ಅಕ್ಕಿಕಾಳಿನಂತೆ ಉದ್ದುದ್ದ ಬಂದವು. ಮರುದಿನವೂ ಅದೇ ಹಾಡು.

"ಯಂತ್ರ ಕೆಟ್ಟೈತ್ರಿ ಅಜ್ಜಾರ."

"ಧ್ರುವ?"

"ಧ್ರುವ ಅಲುಗಾಡಂಗಿಲ್ರಿ. ನೀವ ಹೇಳೀರಿ."

"ನಾ ಹೇಳೇನಿ. ನೀ ನೋಡಿಯೇನು?"

ಫಕೀರೇಶ ಇಲ್ಲವೆಂದು ತಲೆಯಾಡಿಸಿದ.

"ಯಂತ್ರ ತಗದಿಡು. ಬರೇ ಕ್ಯಾಮೆರಾ ಧ್ರುವನ ಕಡೆ ತಿರುವು. ಬೆಳಕ ಹರಿಯೂತನಕ ಅದರ ಕಣ್ಣು ತೆರದ ಬಿಡು," ಎಂದರು ಅಜ್ಜ.

ಬೆಳಿಗ್ಗೆ ಅವನು ಮುಖ ಸಪ್ಪೆ ಮಾಡಿಕೊಂಡು ಓಡಿಬಂದ. ಚಿತ್ರದಲ್ಲಿ ಧ್ರುವ ಪುಟ್ಟದೊಂದು ಬಿಲ್ಲು ಬರೆದಿದ್ದ. ಸುತ್ತಲಿನ ಚುಕ್ಕಿಗಳು ದೊಡ್ಡ ದೊಡ್ಡ ಬಿಲ್ಲು ಬರೆದಿದ್ದವು.

"ಅಜ್ಜಾರ, ಧ್ರುವನೂ ತಿರಗತಾನ! ಇನ್ನ ಯಾರನ್ನ ನಂಬೂದ್ರಿ?"

"ಯಾವುದರ ಸುತ್ತ ತಿರಗತಾನ?"

ಫಕೀರೇಶ ಬಿಲ್ಲುಗಳ ನಡುವೆ ಬೆರಳಿಟ್ಟ. "ಇದರ ಸುತ್ತ. ಇಲ್ಲೇನೂ ಇಲ್ರಿ. ಬರೇ ಕತ್ತಲಿ."

"ಯಂತ್ರ ಅಲ್ಲಿಗೆ ಹಿಡಿ."

"ಏನೂ ಇಲ್ಲದ್ದಕ್ಕ ಹೆಂಗ ಗುರಿ ಇಡ್ಲಿ?"

"ಧ್ರುವ ಪಕ್ಕದಾಗ ಅದಾನಲ್ಲ. ಅವನ್ನ ಕೇಳು."

ಅಂದು ಕತ್ತಲಾಗುತ್ತಲೇ ಫಕೀರೇಶ, ಚಿತ್ರದಲ್ಲಿ ಧ್ರುವನ ಬಿಲ್ಲು ಶುರುವಾದ ಜಾಗ ನೋಡಿಕೊಂಡು, ಧ್ರುವನನ್ನು ನಡುವಿನಿಂದ ಒಂದಿಷ್ಟು ಬದಿಗೆ ಸರಿಸಿ, ಅಚ್ಚನ್ನು ಆ ಖಾಲಿ ಜಾಗಕ್ಕೆ ಹಿಡಿದ. ಕೃತ್ತಿಕೆಯ ಚಿತ್ರ ಮೂಡಿತು. ಒಂದೊಂದು ಚುಕ್ಕಿಯೂ ಸೂಜಿಮೊನೆ!

"ಬಂತ್ರೀ ಅಜ್ಜಾರ! ಬಂತ್ರೀ!"

ಅವನು ಕೂಗಿದ ಕೂಗಿಗೆ ಹೊಳೆಯಾಚೆಯ ನಾಯಿಗಳೆಲ್ಲ ಎದ್ದು ಬೊಗಳಿದವು.

ಅಜ್ಜ ಲ್ಯಾಪ್‌ಟಾಪಿಗೆ ಮೂಗು ತಾಗುವಷ್ಟು ಬಾಗಿದರು. "ಒಂದು... ಎರಡು... ಆರು..." ಎಣಿಕೆ ಆರಕ್ಕೆ ನಿಲ್ಲಲಿಲ್ಲ. ಕಣ್ಣು ಚೆನ್ನಾಗಿದ್ದಾಗಲೂ ಅವರು ಕಾಣದಿದ್ದ ಚುಕ್ಕಿಗಳು ಅಲ್ಲಿದ್ದವು. ಲೆಕ್ಕ ತಪ್ಪಿ ಅಜ್ಜ ಗಹಗಹಿಸಿ ನಕ್ಕರು. ಆ ನಗು ಕೇಳಿ ಫಕೀರೇಶನಿಗೆ ಜಗತ್ತನ್ನೇ ಗೆದ್ದಷ್ಟು ಸಂತೋಷವಾಯಿತು.

ಅವನು ಅವರ ಕಾಲಿಗೆ ಬಿದ್ದ.

"ಆ ಧ್ರುವ ಹೆಂಗರ ತಿರಗಲಿ, ನನ್ನ ಪಾಲಿಗೆ ನೀವ ಧ್ರುವ, ಅಜ್ಜಾರ."

ಅಜ್ಜ ಅವನ ತಲೆಯ ಮೇಲೆ ಕೈಯಿಟ್ಟರು.

"ಹಂಗಾದ್ರ ನನ್ನ ನಟ್ಟನಡುವ ಇಡಬ್ಯಾಡೋ ತಮ್ಮಾ. ನಾನೂ ತಿರಗತೇನಿ. ಯಾವುದರ ಸುತ್ತ ಅಂತ ನೋಡು."