ಸೂಲಗಿತ್ತಿಯ ಬಾಗಿಲು

ಯುರೋಪಿನ ಲೋರ್ಬೆಕ್ ಎಂಬ ಹಳೆಯ ಪಟ್ಟಣಕ್ಕೆ ಹೊಳೆಯ ಕಡೆಯಿಂದ ಬರುವವರು ಇಂದಿಗೂ ಒಂದು ಕಲ್ಲಿನ ಬಾಗಿಲನ್ನು ಹಾದೇ ಒಳಗೆ ಬರುತ್ತಾರೆ. ಕೋಟೆಗೋಡೆ ಎಂದೋ ಬಿದ್ದುಹೋಗಿ ಅದರ ಜಾಗದಲ್ಲಿ ಟ್ರಾಮ್ ಓಡುತ್ತಿದೆ. ಬಾಗಿಲು ಮಾತ್ರ ಉಳಿದಿದೆ. ಅದರ ಒಳಬದಿಗೆ ಒಂದು ಬೇಕರಿ, ಹೊರಬದಿಗೆ ಸೈಕಲ್ ನಿಲ್ಲಿಸುವ ಕಂಬಿಗಳು. ಊರಿನವರು ಇದನ್ನು ಸೂಲಗಿತ್ತಿಯ ಬಾಗಿಲು ಎನ್ನುತ್ತಾರೆ. ಧಾರವಾಡದಿಂದ ಆ ದೇಶಕ್ಕೆ ಇತಿಹಾಸ ಓದಲು ಹೋಗಿದ್ದ ಶಾಲ್ಮಲಾ ಹಂಚಿನಮನಿ ಚಳಿಗಾಲದ ರಜೆಯಲ್ಲಿ ಇಲ್ಲಿಗೆ ಬಂದಾಗ ಎಲ್ಲರಂತೆ ಮೊದಲು ಫೋಟೊ ತೆಗೆದಳು, ಆಮೇಲೆ ಕಣ್ಣಿಟ್ಟು ನೋಡಿದಳು. ಇತಿಹಾಸ ಓದುವವರೇನೂ ಈ ಚಟಕ್ಕೆ ಹೊರತಲ್ಲ. ಊರು ತೋರಿಸುತ್ತಿದ್ದ ಮುದುಕಿ ಹೆಡ್ವಿಗ್, ಗುಂಪಿನ ಉಳಿದವರೆಲ್ಲ ಬೇಕರಿಗೆ ನುಗ್ಗಿದ ಮೇಲೆ, ಇವಳೊಬ್ಬಳಿಗೇ ಆ ಹೆಸರಿನ ಕಥೆ ಹೇಳಿದಳು.

ಹಿಂದೆ ಒಮ್ಮೆ ಆ ಸೀಮೆಗೆ ಪ್ಲೇಗು ಬಂತಂತೆ. ಶಾಲ್ಮಲಾ ತನ್ನ ಅಜ್ಜಿಯ ಬಾಯಲ್ಲಿ ಕೇಳಿದ್ದ ಪ್ಲೇಗಿನ ರೀತಿಯೇ ಬೇರೆ. ಇಲಿ ಸತ್ತು ಬಿದ್ದವೆಂದರೆ ಧಾರವಾಡದ ಕಡೆಯ ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರು. ಬದುಕಿ ಬಂದವರು ಪ್ಲೇಗಮ್ಮನಿಗೆ ಗುಡಿ ಕಟ್ಟುತ್ತಿದ್ದರು. ಲೋರ್ಬೆಕ್ಕಿನವರು ಹೊರಗೆ ಹೋಗಲಿಲ್ಲ, ಬಾಗಿಲು ಹಾಕಿಕೊಂಡು ಒಳಗೆ ಕುಳಿತರು. ಹಿರಿಯರು ಒಂದು ಕಟ್ಟಳೆ ಮಾಡಿದರು. ಹೊರಗಿನಿಂದ ಬಂದವರು ಯಾರೇ ಆಗಲಿ, ಒಳಗಿನ ಒಂದು ಮನೆಯವರು ಬಾಗಿಲಿಗೆ ಬಂದು 'ನಮ್ಮವರು' ಎಂದು ಕೂಗಿ ಹೊಣೆ ಹೊತ್ತರೆ ಮಾತ್ರ ಪ್ರವೇಶ. ಬಂದವರಿಗೆ ಜ್ವರ ಕಾಣಿಸಿಕೊಂಡಿತೋ, ಹೊಣೆ ಹೊತ್ತ ಮನೆಯವರೆಲ್ಲ ಹಸುಗೂಸು ಸಮೇತ ಊರ ಹೊರಗೆ. ಬಾಗಿಲು ಕಾಯುವವನು ಮಾತ್ರ ಯಾರಿಗೂ ಹೊಣೆಯಾಗುವಂತಿರಲಿಲ್ಲ. ಕೀಲಿ ಕೈಯಲ್ಲಿದ್ದವನು ತನ್ನ ನೆಂಟರನ್ನೆಲ್ಲ ತುಂಬಿಕೊಂಡಾನು ಎಂಬ ಅಂಜಿಕೆ.

ಊರಿಗೆಲ್ಲ ಇದ್ದವಳು ಒಬ್ಬಳೇ ಸೂಲಗಿತ್ತಿ, ಊರ್ಸುಲಾ. ಹೊಳೆಯಾಚೆಯ ಹಳ್ಳಿಗೆ ಹೆರಿಗೆ ಮಾಡಿಸಲು ಹೋದವಳು ತಿರುಗಿ ಬರುವಷ್ಟರಲ್ಲಿ ಬಾಗಿಲು ಮುಚ್ಚಿತ್ತು, ಹಿಮ ಬೀಳತೊಡಗಿತ್ತು. ಮರಳಿ ಹೋಗೋಣವೆಂದರೆ ಆ ಹಳ್ಳಿಯವರೂ ಹೆದರಿ ದೋಣಿ ಎಳೆದುಕೊಂಡಿದ್ದರು. ಒಳಗೆ ಕೀಲಿ ಹಿಡಿದು ನಿಂತವನು ಅವಳ ಮಗ ಮಥಿಯಾಸ್, ಅವನ ಹೊರತು ಅವಳ ಮನೆಯಲ್ಲಿ ಬೇರಾರೂ ಇರಲಿಲ್ಲ. ಊರ್ಸುಲಾ ಮೊದಲು ಚಿಂತಿಸಲಿಲ್ಲ. ಅರ್ಧ ಊರು ಅವಳ ಕೈಯಲ್ಲೇ ಕಣ್ಣು ಬಿಟ್ಟದ್ದು. ನಗುತ್ತಲೇ ಒಂದೊಂದು ಮನೆಯ ಹೆಸರು ಹಿಡಿದು ಕೂಗಿದಳು. "ಏ ಆನಾ, ಹೊಟ್ಟೆಯಲ್ಲಿ ಅಡ್ಡ ತಿರುಗಿ ಕೂತಿದ್ದೆಯಲ್ಲೇ, ನೆಟ್ಟಗೆ ಮಾಡಿ ಹೊರಗೆ ತಂದವಳು ನಾನು! ಬಾ, ಒಂದು ಮಾತು ಹೇಳು." ನಗು ಬೈಗುಳವಾಯಿತು, ಬೈಗುಳ ಬೇಡಿಕೆಯಾಯಿತು.

ಮಥಿಯಾಸ್ ಮನೆಮನೆಯ ಕದ ಬಡಿದ. ಯಾರೂ ಇಲ್ಲವೆನ್ನಲಿಲ್ಲ. "ಅಯ್ಯೋ, ನಿಮ್ಮವ್ವನಿಗೆ ಇಲ್ಲ ಅನ್ನುವವರುಂಟೇ? ನಮಗಿಂತ ಕಮ್ಮಾರರ ಮೇಲೆ ಅವಳ ಋಣ ಹೆಚ್ಚು. ಅವರು ಹೇಳೇ ಹೇಳುತ್ತಾರೆ, ನೋಡು" ಎಂದರು. ಕಮ್ಮಾರರು ನೇಕಾರರ ಕಡೆ ಕೈ ತೋರಿಸಿದರು. ಇಡೀ ಊರೇ ಅವಳ ಋಣದಲ್ಲಿದ್ದುದೇ ಅವಳಿಗೆ ಮುಳುವಾಯಿತು. ಒಂದೇ ಒಂದು ಮನೆಗೆ ಬೇಕಾದವಳಾಗಿದ್ದರೆ ಬದುಕುತ್ತಿದ್ದಳೇನೋ. ಬಾಗಿಲಾಚೆಯ ಕೂಗು ನಿಂತಿತು. ಆಗ ಮಗ ಕಟ್ಟಳೆ ಮುರಿದು ಬಾಗಿಲು ತೆಗೆದ. ತಾಯಿ ಕಲ್ಲಿಗೊರಗಿ ಕುಳಿತಲ್ಲೇ ಸೆಟೆದುಹೋಗಿದ್ದಳು. ಮೈಮೇಲೆ ಜ್ವರದ ಒಂದು ಗುರುತೂ ಇರಲಿಲ್ಲ. ಅವನು ಕೀಲಿಯನ್ನು ಹೊಳೆಗೆಸೆದು, ಹೆಣ ಹೊತ್ತು ಹೋದವನು ಮತ್ತೆ ಬರಲಿಲ್ಲ. ಪ್ಲೇಗು ಧಾನ್ಯದ ಗಾಡಿ ಹತ್ತಿಕೊಂಡು ಹೇಗಿದ್ದರೂ ಒಳಗೆ ಬಂದಿತ್ತು. ಆ ಚಳಿಗಾಲ ಬೇನೆ ತಿನ್ನುವ ಹೆಂಗಸರು ಕೂಗಿಕೊಂಡರೆ ಓಡಿ ಬರಬೇಕಾದವಳು ಇರಲಿಲ್ಲ. ಆನಾ ಕೂಡ ಹಾಗೆಯೇ ಕೂಗಿ ಕೂಗಿ ಸತ್ತಳು ಎನ್ನುತ್ತಾರೆ.

ಶಾಲ್ಮಲಾಳಿಗೆ ಮೈಯೆಲ್ಲ ಉರಿದುಹೋಯಿತು. "ಎಂಥಾ ಮಂದಿರೀ ಇವರು! ಒಬ್ಬರಿಗರೆ ಬಾಯಿ ಇರಲಿಲ್ಲೇನು?" ಎಂದು ತನ್ನ ಮಾತಿನಲ್ಲೇ ಅಂದಳು. ಹೆಡ್ವಿಗ್ ಅರ್ಥ ಕೇಳಿ ತಿಳಿದುಕೊಂಡು, "ಬಾಯಿ ಎಲ್ಲರಿಗೂ ಇತ್ತು ಮಗಳೇ. ಪಕ್ಕದವರಿಗೂ ಇದೆ ಅಂತ ಸುಮ್ಮನಿದ್ದರು" ಎಂದಳು. ಊರ್ಸುಲಾ ಸತ್ತಂದಿನಿಂದ ಲೋರ್ಬೆಕ್ಕಿನಲ್ಲಿ ಒಂದು ನಡಾವಳಿ ಬಂತು. ಕೂಸಿಗೆ ಹೆಸರಿಟ್ಟ ದಿನ ತಂದೆ ಅದನ್ನೆತ್ತಿಕೊಂಡು ಬಾಗಿಲ ಹೊರಗೆ ನಿಂತು ಆ ಹೆಸರನ್ನು ಕೂಗುತ್ತಾನೆ. ಒಳಗೆ ನಿಂತವರಲ್ಲಿ ರಕ್ತಸಂಬಂಧವಿಲ್ಲದ ಯಾರಾದರೊಬ್ಬರು 'ನಮ್ಮವರು' ಎನ್ನಬೇಕು. ಅನ್ನುವವರೆಗೆ ಕೂಸು ಒಳಗೆ ಬರುವಂತಿಲ್ಲ. ಹಾದಿಹೋಕರು, ಪರದೇಶದವರು, ಯಾರು ಅಂದರೂ ಸಲ್ಲುತ್ತದೆ.

ಆ ಮಧ್ಯಾಹ್ನವೇ ಒಂದು ಕೂಸು ಬಂತು. ತಂದೆ "ಲೀನಾ!" ಎಂದು ಕೂಗಿದ. ಮಾತು ಶಾಲ್ಮಲಾಳ ನಾಲಗೆಯ ತುದಿಯಲ್ಲಿತ್ತು. ನಾನು ಹೊರಗಿನವಳು, ನಾಳೆ ಹೋಗುವವಳು, ನನಗೇಕೆ ಈ ಹಿರಿತನ, ಊರಿನವರೇ ಅನ್ನಲಿ ಎಂದು ಬೇಕರಿಯ ಹೆಂಗಸಿನ ಮುಖ ನೋಡಿದಳು. ಆ ಹೆಂಗಸು ಹೆಡ್ವಿಗ್‌ಳ ಮುಖ ನೋಡಿದಳು. ಹೆಡ್ವಿಗ್ ಶಾಲ್ಮಲಾಳನ್ನೇ ನೋಡುತ್ತಿದ್ದಳು. ತಂದೆ ಮತ್ತೆ ಕೂಗಿದ. ಚಳಿಗೆ ಕೂಸು ಅಳತೊಡಗಿತು. ಕೊನೆಗೆ ಮೇಲಿನ ಯಾವುದೋ ಕಿಟಕಿಯಿಂದ ಒಂದು ದನಿ "ನಮ್ಮವಳು!" ಎಂದಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಸೂಲಗಿತ್ತಿಯ ಬಾಗಿಲಿಗೆ ಹೋದವರು ಇಂದಿಗೂ ಕಾಣುವುದು ಇದನ್ನೇ: ಹೊರಗೆ ಕೂಗುವವನೊಬ್ಬ, ಒಳಗೆ ಒಬ್ಬರ ಮುಖ ಒಬ್ಬರು ನೋಡುತ್ತ ನಿಂತ ಜನ. ಶಾಲ್ಮಲಾ ಅವರ ನಡುವೆಯೇ ನಿಂತಿದ್ದಳು.